ಹೊಳೆಯಾಚೆಯ ಹಬಶಿ

ಆಫ್ರಿಕವೆಂದೊಡನೆ ನೈಲ್ ನದಿಯೂ ಅದರ ದಡದ ಊರುಗಳೂ ಕಣ್ಣ ಮುಂದೆ ಸುಳಿಯುತ್ತವೆ. ಅಂಥದೊಂದು ಹೊಳೆಯೂರಿಗೆ ಪ್ರಯಾಣ ಹೋಗಿಬರಬೇಕೆಂಬ ಹಂಬಲ ಯಾರಿಗಿಲ್ಲ? ಆದರೆ ನೀರಮಾನ್ವಿ, ಮಾನ್ವಿ, ರಾಯಚೂರುಗಳ ಕಡೆಯವರಾದ ನಾವು ಆಫ್ರಿಕದ ಗುರುತನ್ನು ಅರಸಿ ಅಷ್ಟು ದೂರ ಹೋಗಬೇಕಾಗಿಲ್ಲ. ತುಂಗಭದ್ರೆಯನ್ನು ದಾಟಿ ತೆಂಕಣ ದಡವನ್ನು ಮುಟ್ಟಿದರೆ ಸಾಕು. ಅಲ್ಲಿರುವ ಪುಟ್ಟ ಊರು ಮಂತ್ರಾಲಯ, ಹಿಂದಿನ ಮಂಚಾಲೆ.

ಶ್ರೀ ರಾಘವೇಂದ್ರಸ್ವಾಮಿಗಳು 1671ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಅದಕ್ಕೆ ಮುನ್ನ ಆದವಾನಿಯ ನವಾಬನು ಅವರನ್ನು ಪರೀಕ್ಷಿಸಲೆಂದು ಮಾಂಸದ ತಟ್ಟೆಗೆ ಬಟ್ಟೆ ಮುಚ್ಚಿ ಮುಂದಿಟ್ಟನೆಂದೂ, ಸ್ವಾಮಿಗಳು ತೀರ್ಥ ಪ್ರೋಕ್ಷಿಸಲು ಅದು ಹೂವು ಹಣ್ಣುಗಳಾಯಿತೆಂದೂ, ಬೆರಗಾದ ನವಾಬನು ಫಲವತ್ತಾದ ಬೇರೆ ಊರನ್ನು ಕೊಡಲು ಬಂದರೂ ಅವರು ಮಂಚಾಲೆಯನ್ನೇ ಬೇಡಿದರೆಂದೂ ಪ್ರತೀತಿ. ನಮ್ಮ ಅಜ್ಜಿಯರಿಗೆಲ್ಲ ಈ ಕಥೆ ಬಾಯಿಪಾಠ. ಆದರೆ ಅವರ ಕಥೆಯಲ್ಲಿ ನವಾಬನು ಬರಿಯ ನವಾಬನೇ. ಅವನಿಗೆ ಹೆಸರಿಲ್ಲ, ಕುಲವಿಲ್ಲ, ಮುಖವಿಲ್ಲ.

ಹೆಸರು ಸಿದ್ದಿ ಮಸೂದಖಾನ್. ಕುಲದಿಂದ ಹಬಶಿ, ಎಂದರೆ ಇಂದಿನ ಇಥಿಯೋಪಿಯದ ಕಡೆಯ ಜನ. ದಾಸರಾಗಿ ಮಾರಾಟಗೊಂಡು ಕಡಲು ದಾಟಿ ಬಂದ ಆ ಕುಲದವರು ದಖ್ಖನದ ಸುಲ್ತಾನರಲ್ಲಿ ಸೈನಿಕರಾದರು, ಸರದಾರರಾದರು, ಕಡೆಗೆ ಮಂತ್ರಿಗಳೂ ಆದರು. ಅಹಮದನಗರದ ಮಲಿಕ್ ಅಂಬರ್, ಬಿಜಾಪುರದ ಇಖಲಾಸಖಾನ್ ಇವರೆಲ್ಲ ಆ ಪಂಕ್ತಿಯವರೇ. 1660ರಲ್ಲಿ ಪನ್ಹಾಳದ ಕೋಟೆಯಲ್ಲಿದ್ದ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರನ ಅಳಿಯನೇ ಈ ಮಸೂದ. 1678ರಿಂದ 1683ರವರೆಗೆ ಬಾಲಕ ಸಿಕಂದರ್ ಆದಿಲ್‌ಶಹನ ಹೆಸರಿನಲ್ಲಿ ಬಿಜಾಪುರದ ಆಡಳಿತ ಈತನ ಕೈಯಲ್ಲಿತ್ತು. ಒಳಜಗಳಗಳಿಂದ ಬೇಸತ್ತು ಆದವಾನಿಗೆ ಹಿಂದಿರುಗಿದ. ಬಿಜಾಪುರ 1686ರಲ್ಲಿ ಬಿದ್ದಮೇಲೂ ಎರಡು ವರ್ಷ ಆದವಾನಿಯ ಕೋಟೆಯನ್ನು ಬಿಟ್ಟುಕೊಡದೆ, 1688ರಲ್ಲಿ ಮೊಗಲರಿಗೆ ಮಣಿದ. ಇಂಥವನನ್ನು ಬರಿಯ ತಟ್ಟೆ ಹಿಡಿದ ಸಂಶಯಾತ್ಮನೆಂದು ನೆನೆಯುವುದು ನನಗೆ ಸರಿದೋರದು. ಮಠಕ್ಕೆ ಊರು ಬಿಟ್ಟುಕೊಟ್ಟ ಔದಾರ್ಯವೂ ಕಥೆಯ ಅರ್ಧಭಾಗವಲ್ಲವೆ?

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಅವರಲ್ಲೊಬ್ಬ ಹಳಿಯಾಳದ ಕಡೆಯ ಸಿದ್ದಿ ಹುಡುಗ. (ಉತ್ತರ ಕನ್ನಡದ ಸಿದ್ದಿಗಳು ಹೆಚ್ಚಾಗಿ ಪೋರ್ತುಗೀಸರ ಗೋವೆಯಿಂದ ಬಂದು ಕಾಡು ಸೇರಿದವರು, ದರ್ಬಾರಿನ ಸಿದ್ದಿಗಳ ದಾರಿ ಬೇರೆ.) ಹೂವಿನ ಅಂಗಡಿಯಾತ ಅವನ ಗುಂಗುರು ಕೂದಲನ್ನು ನೋಡಿ, "ಯಾವ ದೇಶ?" ಎಂದ. "ಹಳಿಯಾಳ" ಎಂದ ಹುಡುಗ. ಅಂಗಡಿಯಾತ ನಂಬಲಿಲ್ಲ, ಜೊತೆಯವರು ನಕ್ಕರು. ಹುಡುಗ ಮಾತ್ರ ನಗಲಿಲ್ಲ.

ಅಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಮಸೂದಖಾನನ ವೃತ್ತಾಂತವನ್ನು ಹೇಳಿದೆ. ಬೇಸಗೆಯ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಆದವಾನಿಯಲ್ಲಿ ಆತ ಕಟ್ಟಿಸಿದ ಜಾಮಿಯಾ ಮಸೀದಿ ಇನ್ನೂ ನಿಂತಿದೆಯೆಂದಾಗ ಹುಡುಗ ತಲೆಯೆತ್ತಿದ.

"ಆದವಾನಿಗೆ ಬಸ್ಸು ಎಷ್ಟು ಹೊತ್ತಿಗೆ, ಸರ್?"

ಮರುದಿನ ಎಲ್ಲರೂ ಹೋದೆವು.