ಸಭೆಯ ಚಿಕ್ಕ ಗುಂಪು: ಶಿಷ್ಯರು ಹಲವರು, ಗುರು ಯಾರು?

ಭಾನುವಾರದ ಆರಾಧನೆಯ ನಡುವೆ ಸಭಾಪಾಲಕರು ವಾರದ ಪ್ರಕಟಣೆಗಳನ್ನು ಓದುವುದು ವಾಡಿಕೆ. ಕೂಡ್ಲಿಗಿಯಲ್ಲಾಗಲಿ, ಹಗರಿಬೊಮ್ಮನಹಳ್ಳಿಯಲ್ಲಾಗಲಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಾಗಲಿ ಚರ್ಚಿಗೆ ಹೋಗುವ ವಿದ್ಯಾರ್ಥಿಯೊಬ್ಬ ಅಲ್ಲಿ ಇಂತಹದೊಂದು ಪ್ರಕಟಣೆಯನ್ನು ಕೇಳಬಹುದು: 'ಯೌವನಸ್ಥರಿಗಾಗಿ ಶಿಷ್ಯತ್ವ ಗುಂಪು ಆರಂಭವಾಗಲಿದೆ. ಸೇರಬಯಸುವವರು ಹೆಸರು ಕೊಡಬೇಕು.' ಹೆಸರು ಕೊಡುವುದು ಸುಲಭ. ಆದರೆ ಹಾಗೆ ಕೊಟ್ಟವರು ಏನನ್ನು ಒಪ್ಪಿಕೊಂಡಂತಾಯಿತು? ಇದು ಇನ್ನೊಂದು ಪಾಠವೇ, ಪ್ರಾರ್ಥನಾ ಕೂಟವೇ, ಅಥವಾ ಗೆಳೆಯರ ಬಳಗವೇ? ಸೇರುವವರಿಗೂ, ಸೇರಿದ ಸಹಪಾಠಿಯನ್ನು ಕಂಡು ಕುತೂಹಲಪಡುವ ಇತರ ಧರ್ಮಗಳ ವಿದ್ಯಾರ್ಥಿಗಳಿಗೂ ಈ ವಿಷಯ ತಿಳಿದಿರುವುದು ಒಳ್ಳೆಯದು.

ಮೊದಲು 'ಶಿಷ್ಯ' ಎಂಬ ಮಾತನ್ನೇ ನೋಡೋಣ. ಈಗ ವಿಜಯನಗರ ಜಿಲ್ಲೆಯಲ್ಲಿರುವ ಈ ಐದೂ ತಾಲ್ಲೂಕುಗಳಲ್ಲಿ ಗುರು ಮತ್ತು ಶಿಷ್ಯ ಎಂಬ ಪದಗಳನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು, ಉಜ್ಜಿನಿಯ ಪೀಠ ಇವೆಲ್ಲ ನಾವು ಚಿಕ್ಕಂದಿನಿಂದ ಕಂಡವೇ. ಗುರು ದೀಕ್ಷೆ ಕೊಡುತ್ತಾನೆ, ಶಿಷ್ಯ ಪಡೆಯುತ್ತಾನೆ. ಆದ್ದರಿಂದ 'ಶಿಷ್ಯತ್ವ ಗುಂಪು' ಎಂದೊಡನೆ, ಗುಂಪನ್ನು ನಡೆಸುವ ಅಣ್ಣನೋ ಅಕ್ಕನೋ ಗುರು, ಉಳಿದವರು ಶಿಷ್ಯರು ಎಂದು ಭಾವಿಸುವುದು ಸಹಜ. ಅದು ಸರಿಯಲ್ಲ. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಯೇಸು ತನ್ನವರಿಗೆ, ಯಾರೂ ಬೋಧಕರೆನಿಸಿಕೊಳ್ಳಬೇಡಿ, ನಿಮಗಿರುವ ಬೋಧಕನು ಒಬ್ಬನೇ, ನೀವೆಲ್ಲರೂ ಸಹೋದರರು ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದಾನೆ. ಅಂದರೆ ಕ್ರೈಸ್ತರ ಇಂತಹ ಗುಂಪಿನಲ್ಲಿ ನಡೆಸುವವನೂ ಶಿಷ್ಯನೇ. ಉಳಿದವರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಿರಬಹುದು, ಅಷ್ಟೇ. ಈ ಒಂದು ಅಂಶ ನೆನಪಿನಲ್ಲಿದ್ದರೆ ಗುಂಪಿನ ಒಳಿತೂ ಅಪಾಯವೂ ಎರಡೂ ಅರ್ಥವಾಗುತ್ತವೆ.

ಚಿಕ್ಕ ಗುಂಪಿನ ಪದ್ಧತಿ ಹೊಸದಲ್ಲ. ಯೇಸುವಿನೊಡನೆ ತಿರುಗಾಡಿದವರು ಹನ್ನೆರಡು ಮಂದಿ. ಆರಂಭದ ಸಭೆಗಳು ಮನೆಗಳಲ್ಲೇ ಕೂಡುತ್ತಿದ್ದವು. ಡೇರೆ ಮಾಡುವ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆ ಅಂತಹುದು. ಆದರೆ ಇಂದು ನಾವು ಕಾಣುವ ವಾರದ ಗುಂಪಿನ ರೂಪಕ್ಕೆ ಹತ್ತಿರವಾದದ್ದು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅದು ಹುಟ್ಟಿದ್ದು ಒಂದು ಸಾಲದಿಂದ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳು ಕಟ್ಟಿಸಿದ್ದ ಕಟ್ಟಡದ ಮೇಲೆ ಸಾಲವಿತ್ತು. 1742ರಲ್ಲಿ ಅದನ್ನು ತೀರಿಸುವ ಬಗ್ಗೆ ಮಾತುಕತೆ ನಡೆದಾಗ, ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಡವರಿಗೆ ಅದೂ ಕಷ್ಟ ಎಂದು ಮತ್ತೊಬ್ಬರು ಹೇಳಿದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೆ ವಹಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರ ಪಾಲನ್ನು ನಾನೇ ಕೊಡುತ್ತೇನೆ ಎಂದರು ಸೂಚಿಸಿದವರು. ಹೀಗೆ ಹನ್ನೆರಡು ಹನ್ನೆರಡು ಮಂದಿಯ ತಂಡಗಳಾದವು. ಕಾಸು ಎತ್ತಲು ಮನೆಮನೆಗೆ ಹೋದವರಿಗೆ ಕಾಸಿಗಿಂತ ಹೆಚ್ಚಿನದು ಕಣ್ಣಿಗೆ ಬಿತ್ತು. ಒಬ್ಬ ಹೆಂಡತಿಯೊಡನೆ ಜಗಳವಾಡುತ್ತಿದ್ದ, ಇನ್ನೊಬ್ಬ ಕುಡಿದಿದ್ದ. ಭಾನುವಾರದ ದೊಡ್ಡ ಸಭೆಯಲ್ಲಿ ಕಾಣದ ಬದುಕು ಮನೆಯ ಬಾಗಿಲಲ್ಲಿ ಕಂಡಿತು. ತಾವು ಬಹಳ ದಿನಗಳಿಂದ ಹುಡುಕುತ್ತಿದ್ದ ಉಪಾಯ ಇದೇ ಎಂದು ವೆಸ್ಲಿಯವರಿಗೆ ಅನ್ನಿಸಿತು.

ಕೆಲಕಾಲದ ಮೇಲೆ ಮನೆಮನೆಗೆ ಹೋಗುವುದನ್ನು ಬಿಟ್ಟು, ಹನ್ನೆರಡು ಮಂದಿಯೂ ಒಂದೆಡೆ ಸೇರತೊಡಗಿದರು. ಅದಕ್ಕೆ ವೆಸ್ಲಿಯವರು ಕೊಟ್ಟ ಕಾರಣಗಳು ಬಹಳ ವ್ಯಾವಹಾರಿಕವಾದವು. ಮನೆಗಳಿಗೆ ಹೋಗಲು ಹೊತ್ತು ಸಾಲದು; ಸದಸ್ಯ ಇನ್ನೊಬ್ಬರ ಮನೆಯ ಆಳಾಗಿದ್ದರೆ ಯಜಮಾನರು ಒಳಗೆ ಬಿಡುವುದಿಲ್ಲ; ಬಿಟ್ಟರೂ ಏಕಾಂತದಲ್ಲಿ ಮಾತಾಡಲು ಆಗುವುದಿಲ್ಲ. ಕೊನೆಯ ಕಾರಣವೇ ಮುಖ್ಯ: ಒಬ್ಬ ಸದಸ್ಯ ಇನ್ನೊಬ್ಬನ ಮೇಲೆ ದೂರು ಹೇಳಿದಾಗ ಇಬ್ಬರೂ ಎದುರುಬದುರು ಇಲ್ಲದಿದ್ದರೆ ಸತ್ಯ ತಿಳಿಯುವುದಿಲ್ಲ. ಚಿಕ್ಕ ಗುಂಪಿನ ಗುಟ್ಟು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಬೆನ್ನ ಹಿಂದೆ ಆಡುವ ಮಾತು ಎದುರಿಗೆ ಬರುವ ಜಾಗ ಅದು.

ನಮ್ಮ ಸೀಮೆಗೆ ಈ ವಿಷಯ ಬೇರೊಂದು ದಾರಿಯಿಂದ ಬಂತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಮುದ್ರಣ ಕಂಡಿತ್ತು. ಅತ್ತ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು. ಮನೆಗಳಲ್ಲಿ ಕೂತು ಬೈಬಲ್ ಓದುವ ಜರ್ಮನ್ ಭಕ್ತಿಪಂಥದಲ್ಲಿ ಬೆಳೆದವರು ಅವರಲ್ಲಿ ಅನೇಕರು. ದಕ್ಷಿಣದ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯವರ ಪರಂಪರೆಯ ಮಿಷನ್ ಕೆಲಸ ಮಾಡಿತು. 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ ಸ್ಥಾಪನೆಯಾದಾಗ ಲಂಡನ್ ಮಿಷನ್ನಿನ ಮತ್ತು ವೆಸ್ಲಿಯನ್ ಪರಂಪರೆಗಳೆರಡೂ ಅದರಲ್ಲಿ ಸೇರಿದವು. ಕಥೋಲಿಕರಲ್ಲಿಯೂ ನೆರೆಹೊರೆಯ ಮನೆಗಳು ಒಟ್ಟಾಗಿ ಕೂಡುವ ಕಿರು ಕ್ರೈಸ್ತ ಸಮುದಾಯಗಳ ಪದ್ಧತಿ ಇದೆ. ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯ 1949ರಷ್ಟು ಹಳೆಯದು.

ಇನ್ನು ಗುಂಪಿನಲ್ಲಿ ನಡೆಯುವುದೇನು? ಸಾಮಾನ್ಯವಾಗಿ ಆರರಿಂದ ಹನ್ನೆರಡು ಮಂದಿ, ವಾರಕ್ಕೊಮ್ಮೆ, ಒಂದು ಒಂದೂವರೆ ಗಂಟೆ. ಒಂದು ಹಾಡು, ಚಿಕ್ಕ ಪ್ರಾರ್ಥನೆ, ಬಳಿಕ ಸತ್ಯವೇದದ ಒಂದು ಭಾಗ. ಓದಿದ ಮೇಲೆ ಮೂರು ಪ್ರಶ್ನೆ: ಇಲ್ಲಿ ಏನು ಹೇಳಿದೆ? ಅದರ ಅರ್ಥವೇನು? ಈ ವಾರ ನಾನು ಏನು ಮಾಡಲಿ? ಉದಾಹರಣೆಗೆ ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನ ಪ್ರಸಂಗವನ್ನು ತೆಗೆದುಕೊಳ್ಳಿ. ಗಿಡ್ಡ ಆಳು, ಸುಂಕ ವಸೂಲಿಯಿಂದ ಹಣ ಮಾಡಿದವನು, ಯೇಸುವನ್ನು ನೋಡಲು ಮರ ಹತ್ತುತ್ತಾನೆ. ಯೇಸು ಅವನ ಮನೆಗೇ ಹೋಗುತ್ತಾನೆ. ಆಗ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಸಿದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ.

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲು ಯಾರೂ ಹಿಂಜರಿಯುವುದಿಲ್ಲ. ಮರ ಯಾವುದು, ಊರು ಯಾವುದು ಎಂದು ಹೇಳಿದರಾಯಿತು. ಮೂರನೆಯ ಪ್ರಶ್ನೆ ಬಂದಾಗ ಗುಂಪು ಮೌನವಾಗುತ್ತದೆ. ಹಾಸ್ಟೆಲಿನ ಗೆಳೆಯನಿಂದ ಪಡೆದು ಹಿಂದಿರುಗಿಸದ ಇನ್ನೂರು ರೂಪಾಯಿ ಒಬ್ಬನ ನೆನಪಿಗೆ ಬರುತ್ತದೆ. ಮನೆಯವರು ಪುಸ್ತಕಕ್ಕೆಂದು ಕೊಟ್ಟ ಹಣ ಇನ್ನೆಲ್ಲಿಗೋ ಹೋದದ್ದು ಇನ್ನೊಬ್ಬಳ ನೆನಪಿಗೆ ಬರುತ್ತದೆ. ಅವನು 'ಈ ವಾರ ಆ ಹಣ ಕೊಡುತ್ತೇನೆ' ಎಂದು ಎಲ್ಲರ ಮುಂದೆ ಹೇಳಿದರೆ, ಮುಂದಿನ ವಾರ ಯಾರಾದರೊಬ್ಬರು 'ಕೊಟ್ಟೆಯೇನಪ್ಪಾ?' ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗಾಗಿಯೇ ಈ ಗುಂಪು ಇರುವುದು. ಪ್ರಸಂಗವನ್ನು ಕೇಳಿ ಎದ್ದು ಹೋಗಬಹುದು; ಇಲ್ಲಿ ಹಾಗಲ್ಲ. ಹೆಸರು ಕೊಡುವುದೆಂದರೆ, ನನ್ನನ್ನು ಕೇಳಬಹುದು ಎಂದು ಇತರರಿಗೆ ಅನುಮತಿ ಕೊಡುವುದು.

ಹಾಗೆಂದು ಎಲ್ಲವನ್ನೂ ಮೊದಲ ದಿನವೇ ಹೇಳಿಬಿಡಬೇಕೆಂದಿಲ್ಲ. ಯಾಕೋಬನ ಪತ್ರಿಕೆ ಒಬ್ಬರಿಗೊಬ್ಬರು ತಪ್ಪುಗಳನ್ನು ಅರಿಕೆಮಾಡಿಕೊಳ್ಳಲು ಹೇಳುವುದು ನಿಜ. ಆದರೆ ಅರಿಕೆ ತಾನಾಗಿ ಬರಬೇಕೇ ಹೊರತು ಹಿಂಡಿ ತೆಗೆಯುವಂಥದ್ದಲ್ಲ. ನಮ್ಮವು ಚಿಕ್ಕ ಊರುಗಳು. ಸಂಜೆ ಗುಂಪಿನಲ್ಲಿ ಆಡಿದ ಮಾತು ಮರುದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೇಳಿಬಂದರೆ, ಹೇಳಿದವರು ಮತ್ತೆಂದೂ ಬಾಯಿ ತೆರೆಯುವುದಿಲ್ಲ. ವಾಟ್ಸಾಪ್ ಬಂದ ಮೇಲಂತೂ ಮರುದಿನದವರೆಗೆ ಕಾಯಬೇಕಾಗಿಯೂ ಇಲ್ಲ. 'ಇವನಿಗಾಗಿ ಪ್ರಾರ್ಥಿಸಿ' ಎಂಬ ಸೋಗಿನಲ್ಲಿ ಹೊರಬೀಳುವ ಚಾಡಿಯೂ ಚಾಡಿಯೇ. ಒಬ್ಬನ ತಪ್ಪು ಕಂಡರೆ ಮೊದಲು ಅವನೊಬ್ಬನಿಗೇ ಹೇಳಬೇಕು ಎಂಬ ಕ್ರಮವನ್ನು ಮತ್ತಾಯನ 18ನೆಯ ಅಧ್ಯಾಯ ಇದಕ್ಕಾಗಿಯೇ ಇಟ್ಟಿದೆ.

ಗುಟ್ಟಾಗಿ ಇಡಬಾರದ ಸಂಗತಿಗಳೂ ಇವೆ. ಒಬ್ಬ ಹುಡುಗಿಯೋ ಹುಡುಗನೋ ತನ್ನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದಾಗ, ಪ್ರಾರ್ಥನೆ ಮಾಡಿ ಸುಮ್ಮನಾಗುವುದು ಅನ್ಯಾಯ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೆ. ಬದುಕುವುದೇ ಬೇಡ ಎನ್ನುವಷ್ಟು ಮನಸ್ಸು ಕುಗ್ಗಿದವರಿಗೆ ವೈದ್ಯರು ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ವಾರದ ಗುಂಪು ಆಸ್ಪತ್ರೆಯ ಬದಲಿಯಲ್ಲ.

ನಡೆಸುವವರ ಮಾತಿಗೆ ಮತ್ತೆ ಬರೋಣ. ಅವರು ಗುರುವಾಗಲು ಹೊರಟರೆ ಅದರ ಗುರುತುಗಳು ಬೇಗ ಕಾಣಿಸುತ್ತವೆ. ಯಾವ ಕಾಲೇಜು ಸೇರಬೇಕು, ಯಾರೊಡನೆ ಮಾತು ಬಿಡಬೇಕು, ಯಾರನ್ನು ಮದುವೆಯಾಗಬೇಕು ಎಂಬುದನ್ನೆಲ್ಲ ದೇವರ ಹೆಸರಿನಲ್ಲಿ ಅವರೇ ತೀರ್ಮಾನಿಸತೊಡಗುತ್ತಾರೆ. ಪ್ರಶ್ನೆ ಕೇಳಿದವನಿಗೆ ನಂಬಿಕೆ ಸಾಲದು ಎನ್ನುತ್ತಾರೆ. ಇಲ್ಲಿ ನಡೆಯುವುದನ್ನು ಮನೆಯಲ್ಲಿ ಹೇಳಬೇಡ ಎನ್ನುತ್ತಾರೆ. ಹಣ ಕೇಳಿ ಲೆಕ್ಕ ಕೊಡುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಸಭಾಪಾಲಕರಿಗೆ ತಿಳಿಸಬೇಕು. ಅವರಿಂದ ಉತ್ತರ ಬಾರದಿದ್ದರೆ ಗುಂಪನ್ನು ಬಿಡಬೇಕು. ಬಿಟ್ಟವನು ವಿಶ್ವಾಸ ಬಿಟ್ಟಂತಲ್ಲ. ಗುಂಪಿನ ಸದಸ್ಯತ್ವವೇ ಬೇರೆ, ದೀಕ್ಷಾಸ್ನಾನ ಮತ್ತು ದೃಢೀಕರಣದ ಮೂಲಕ ಬರುವ ಸಭೆಯ ಸದಸ್ಯತ್ವವೇ ಬೇರೆ.

ಬೇರೆ ಧರ್ಮದ ಗೆಳೆಯನೊಬ್ಬ ಕುತೂಹಲದಿಂದ ಬಂದು ಕೂರಬಹುದೇ? ಅನೇಕ ಗುಂಪುಗಳು ಅತಿಥಿಯಾಗಿ ಬರಮಾಡಿಕೊಳ್ಳುತ್ತವೆ. ಸಂವಿಧಾನದ 25ನೆಯ ಅನುಚ್ಛೇದ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಬಂದವನನ್ನು ಒಳಗೆ ಎಳೆಯಲು ನೌಕರಿ, ಫೀಜು, ಅಂಕಗಳ ಆಸೆ ತೋರಿಸುವುದು ಆ ಸ್ವಾತಂತ್ರ್ಯಕ್ಕೇ ವಿರುದ್ಧ. ಬಂದವನನ್ನು ಹೊರಗಿನವರು ಹೆದರಿಸುವುದೂ ಅಷ್ಟೇ ವಿರುದ್ಧ. ಹದಿನೆಂಟು ತುಂಬದವರು ಮನೆಯವರಿಗೆ ತಿಳಿಸಿಯೇ ಹೋಗುವುದು ಸರಿ.

ಕೊನೆಗೆ ಕೆಲವು ವ್ಯವಹಾರದ ಮಾತು. ಹಳ್ಳಿಗೆ ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತು ನೋಡಿ ಗುಂಪಿನ ಸಮಯ ಇಡಬೇಕು, ಹೆಣ್ಣುಮಕ್ಕಳಿದ್ದಲ್ಲಿ ಇದು ಇನ್ನೂ ಮುಖ್ಯ. ನಡೆಸುವವರು ಯಾರನ್ನೂ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಭೇಟಿಯಾಗಬಾರದು. ಮೆಕ್ಕೆಜೋಳ, ಶೇಂಗಾ ಕೆಲಸದ ದಿನಗಳಲ್ಲಿ, ಪರೀಕ್ಷೆಯ ತಿಂಗಳಲ್ಲಿ ಹಾಜರಿ ಕಡಿಮೆಯಾದರೆ ಅದನ್ನು ಭಕ್ತಿಯ ಕೊರತೆ ಎನ್ನಲಾಗದು. ಮನೆಯವರೊಡನೆ ಬೆಂಗಳೂರಿಗೋ ಕಾಫಿ ಸೀಮೆಗೋ ಕೂಲಿಗೆ ಹೋಗಿ ಬಂದವರಿಗೆ ಅವರ ಜಾಗ ಹಾಗೆಯೇ ಇರಬೇಕು. ಹೆಸರು ಕೊಡುವ ಮುನ್ನ ನಡೆಸುವವರನ್ನು ಕಂಡು ಕೇಳಿ: ಎಷ್ಟು ವಾರಗಳ ಕಾರ್ಯಕ್ರಮ, ಯಾವ ಪುಸ್ತಕ ಓದುತ್ತೀರಿ, ಇಲ್ಲಿ ಆಡಿದ ಮಾತು ಎಲ್ಲಿಯವರೆಗೆ ಹೋಗುತ್ತದೆ, ನಿಮ್ಮನ್ನು ಕೇಳುವವರು ಯಾರು? ಬಳಿಕ ಮೂರು ನಾಲ್ಕು ವಾರ ಸುಮ್ಮನೆ ಕೂತು ನೋಡಿ, ಆಮೇಲೆ ಹೆಸರು ಬರೆಸಬಹುದು.