ಬಸ್ಕಿಯ ಎಣಿಕೆ, ಸ್ನಾಯುವಿನ ಲೆಕ್ಕ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳನ್ನೊಳಗೊಂಡ ಮೈಸೂರು ಸೀಮೆಯಲ್ಲಿ ನಾಡಕುಸ್ತಿಯ ಪರಂಪರೆ ಇಂದಿಗೂ ಉಳಿದು ಬಂದಿದ್ದು, ದಸರೆಯಲ್ಲಿ ಮೈಸೂರಿನ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದ ಅಖಾಡಕ್ಕಿಳಿಯುವ ಪೈಲ್ವಾನನ ಕಸುವನ್ನು ಅವನು ಒಂದೇ ಸಮನೆ ಎಷ್ಟು ನೂರು ಬಸ್ಕಿ, ಎಷ್ಟು ನೂರು ದಂಡ ಹೊಡೆಯಬಲ್ಲ ಎಂಬುದರಿಂದ ಅಳೆಯುವ ರೂಢಿ ಗರಡಿ ಮನೆಗಳಲ್ಲಿ ಬೇರೂರಿದೆ. ಆದರೆ ಈ ಎಣಿಕೆಯಿಂದ ತಿಳಿಯುವುದು ಮುಖ್ಯವಾಗಿ ಸ್ನಾಯುವಿನ ತಾಳಿಕೆ. ಬಲದ ಲೆಕ್ಕವೇ ಬೇರೆ.

ಮೆದುಳಿನ ಆಜ್ಞೆ ಬೆನ್ನುಹುರಿಯ ನರಕೋಶಗಳ ಮೂಲಕ ಸ್ನಾಯುವನ್ನು ತಲುಪುತ್ತದೆ. ಅಂಥ ಒಂದು ನರಕೋಶ ಮತ್ತು ಅದರ ಅಂಕೆಯಲ್ಲಿರುವ ಸ್ನಾಯುತಂತುಗಳ ಗುಂಪಿಗೆ ಚಾಲಕ ಘಟಕವೆಂದು ಹೆಸರು. ಭಾರ ಹಗುರವಾಗಿದ್ದಾಗ ಬೇಗ ದಣಿಯದ ಸಣ್ಣ ಘಟಕಗಳು ಮೊದಲು ಕೆಲಸಕ್ಕಿಳಿಯುತ್ತವೆ. ಭಾರ ಹೆಚ್ಚಿದಂತೆ, ಹೆಚ್ಚು ಬಲ ಕೊಟ್ಟು ಬೇಗ ಸೋಲುವ ದೊಡ್ಡ ಘಟಕಗಳು ಜೊತೆಗೂಡುತ್ತವೆ. ನೂರಾರು ಬಸ್ಕಿ ಹೊಡೆದು ಸುಸ್ತಾದಾಗ ದೊಡ್ಡ ಘಟಕಗಳೂ ದುಡಿದು ಸ್ನಾಯು ಒಂದಿಷ್ಟು ಬೆಳೆಯುವುದು ನಿಜವಾದರೂ, ಎದುರಾಳಿಯನ್ನು ಒಂದೇ ಪಟ್ಟಿನಲ್ಲಿ ಎತ್ತಿ ಹಾಕಲು ಬೇಕಾದ ಗರಿಷ್ಠ ಬಲ, ಅಂದರೆ ಈ ಘಟಕಗಳನ್ನೆಲ್ಲ ಒಮ್ಮೆಗೇ ದುಡಿಸುವ ಸಾಮರ್ಥ್ಯ, ಹೆಚ್ಚಾಗಿ ಭಾರ ಎತ್ತುವುದರಿಂದಲೇ ಒದಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಅವರು ಗಾಯಾಳು ಸೈನಿಕರಿಂದ ಹಗುರ ಭಾರವನ್ನು ಬಹಳ ಸಲ ಎತ್ತಿಸುವ ಅಂದಿನ ಪದ್ಧತಿಯನ್ನು ಬಿಟ್ಟು, ಹೆಚ್ಚು ಭಾರವನ್ನು ಕಡಿಮೆ ಸಲ ಎತ್ತಿಸಿ, ಬಲ ಬಂದಂತೆ ತೂಕವನ್ನು ಏರಿಸುತ್ತ ಹೋಗಿ, ಅದರ ಫಲವನ್ನು 1945ರಲ್ಲಿ ಪ್ರಕಟಿಸಿದರು. ಗರಡಿಗೆ ಇದು ಪರಕೀಯ ವಿದ್ಯೆಯೇನಲ್ಲ. ಅಲ್ಲಿನ ಗದೆ, ಗುಂಡುಕಲ್ಲುಗಳು ಇದಕ್ಕೆಂದೇ ಹೇಳಿ ಮಾಡಿಸಿದಂತಿವೆ. ಅವನ್ನು ತೂಗಿ, ಹಗುರದಿಂದ ಭಾರಕ್ಕೆ ಸಾಲಾಗಿಟ್ಟು, ಯಾರು ಯಾವುದನ್ನು ಎಷ್ಟು ಸಲ ಎತ್ತಿದರೆಂದು ಬರೆದಿಟ್ಟುಕೊಂಡರೆ ಸಾಕು.

ಮೈ ನೋಯದಿದ್ದರೆ ಸಾಮು ಮಾಡಿದಂತಲ್ಲ ಎಂಬ ನಂಬಿಕೆಯನ್ನೂ ಒರೆಗೆ ಹಚ್ಚಬೇಕಾಗಿದೆ. ಮರುದಿನದ ಹಿಡಿತಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ತರಬೇತುದಾರರು ಹೇಳುವುದುಂಟು. ಆದರೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಒಂದು ಗಂಟೆಯೊಳಗೆ ಮಾಮೂಲಿಗೆ ಮರಳಿದರೆ, ನೋವು ಹೆಚ್ಚುವುದು 24ರಿಂದ 72 ಗಂಟೆಗಳ ನಡುವೆ. ಬಸ್ಕಿಯಲ್ಲಿ ಕೆಳಗಿಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತೇ ಉದ್ದವಾಗುತ್ತದೆ. ಆಗ ತಂತುಗಳಿಗೆ ಆಗುವ ಅತಿಸೂಕ್ಷ್ಮ ಹಾನಿಯೂ ಅದನ್ನು ಹಿಂಬಾಲಿಸುವ ಉರಿಯೂತವೂ ಆ ನೋವಿಗೆ ಮುಖ್ಯ ಕಾರಣಗಳು. ಅದೇ ಬಸ್ಕಿಗೆ ಒಗ್ಗಿಹೋದ ಪೈಲ್ವಾನನಿಗೆ ನೋವು ತೀರ ಕಡಿಮೆ, ಆದರೂ ಅವನ ಸಾಮು ವ್ಯರ್ಥವಾಗುವುದಿಲ್ಲ.

ಹೆಚ್ಚು ಕಳವಳ ತರುವುದು, ಅಭ್ಯಾಸವಿಲ್ಲದ ಹುಡುಗರು ತಡವಾಗಿ ಬಂದರೆಂದು ಶಾಲೆಯಲ್ಲೋ ಮೈದಾನದಲ್ಲೋ ನೂರಾರು ಬಸ್ಕಿ ಹೊಡೆಸುವ ಶಿಕ್ಷೆ. ಇದರಿಂದ ಸ್ನಾಯುಕೋಶಗಳು ದೊಡ್ಡ ಪ್ರಮಾಣದಲ್ಲಿ ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ತೊಡೆ ಊದಿ, ಮೂತ್ರ ಕಡುಚಹದ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕಿ ಕಾಯುತ್ತ ಕೂರದೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.