ಕುಕ್ಕರಹಳ್ಳಿ ಕೆರೆ: ಏರಿ, ತೂಬು, ಕಾಲುವೆಗಳ ಪರಂಪರೆ

ಮೈಸೂರು ನಗರದ ಪಶ್ಚಿಮ ಭಾಗದಲ್ಲಿ, ಹುಣಸೂರು ರಸ್ತೆ ಮತ್ತು ಬೋಗಾದಿ ರಸ್ತೆಗಳ ನಡುವೆ, ಮಾನಸಗಂಗೋತ್ರಿಗೆ ಹೊಂದಿಕೊಂಡಿರುವ ಕುಕ್ಕರಹಳ್ಳಿ ಕೆರೆಯು ಇಂದು ವಾಯುವಿಹಾರಕ್ಕೂ ಪಕ್ಷಿವೀಕ್ಷಣೆಗೂ ಹೆಸರಾಗಿದ್ದರೂ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ರೂಪುಗೊಂಡದ್ದು ನಗರದ ಹೊರವಲಯದ ಬೇಸಾಯದ ಭೂಮಿಗೆ ನೀರೊದಗಿಸುವ ಉದ್ದೇಶದಿಂದ. ಆದುದರಿಂದ ಇದನ್ನು ನಿಸರ್ಗದತ್ತ ಸರೋವರವೆಂದು ಕಾಣುವುದಕ್ಕಿಂತ, ಮಳೆನೀರನ್ನು ತಂದು, ತಡೆದು, ಬೇಕಾದಷ್ಟೇ ಬಿಡುವ ಒಂದು ವ್ಯವಸ್ಥೆಯೆಂದು ಕಂಡಾಗಲೇ ಇದರ ಚರಿತ್ರೆ ಸ್ಪಷ್ಟವಾಗುತ್ತದೆ.

ಈ ವ್ಯವಸ್ಥೆಗೆ ನಾಲ್ಕು ಅಂಗಗಳಿವೆ. ಹರಿದು ಬರುವ ನೀರಿಗೆ ಅಡ್ಡಲಾಗಿ ಕಟ್ಟಿದ ಮಣ್ಣಿನ ದಿಬ್ಬ ಏರಿ. ತುಂಬಿದ ಕೆರೆಯ ಹೆಚ್ಚುವರಿ ನೀರು ಏರಿಗೆ ಧಕ್ಕೆಯಾಗದಂತೆ ಹೊರಹೋಗುವ ಜಾಗ ಕೋಡಿ. ಸಂಗ್ರಹವಾದ ನೀರನ್ನು ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಸಾಗುವಳಿ ಪ್ರದೇಶಕ್ಕೆ, ಬಿಡುವ ಬಾಗಿಲು ತೂಬು. ಕೆರೆಗೆ ನೀರು ತರುವುದು ಕಾಲುವೆ. ದಿವಾನ್ ಪೂರ್ಣಯ್ಯನವರ ಹೆಸರನ್ನು ಹೊತ್ತ ಪೂರ್ಣಯ್ಯ ನಾಲೆಯು ಸುತ್ತಲ ಇಳಿಜಾರಿನ ಮಳೆನೀರನ್ನು ಕೂಡಿಸಿಕೊಂಡು ಇಲ್ಲಿಗೆ ತಲುಪಿಸುತ್ತಿತ್ತು.

ಮೈಸೂರು ಸೀಮೆಯ ಕೆರೆಗಳಲ್ಲಿ ನೀರಿನಂಚಿನ ಮುಖ್ಯ ಕಟ್ಟಡವೆಂದರೆ ತೂಬೇ. ಅದರ ಬಾಗಿಲು ಎತ್ತುವುದನ್ನೂ ಇಳಿಸುವುದನ್ನೂ ಅವಲಂಬಿಸಿಯೇ ಕೆಳಗಿನ ಗದ್ದೆಗಳ ನಾಟಿ, ಕೊಯ್ಲುಗಳ ಲೆಕ್ಕ ನಡೆಯುತ್ತಿತ್ತು.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ಕುವೆಂಪು ಅವರು ಕುಲಪತಿಗಳಾಗಿದ್ದ ಅವಧಿಯಲ್ಲಿ, 1960ರಲ್ಲಿ, ಮಾನಸಗಂಗೋತ್ರಿಯನ್ನು ಸ್ನಾತಕೋತ್ತರ ಕೇಂದ್ರವಾಗಿ ರೂಪಿಸಿದ ಮೇಲೆ ಕೆರೆಯು ವಿದ್ಯಾಕೇಂದ್ರದ ನೆರೆಯಾಯಿತು. ಕುವೆಂಪು ಅವರ ವಾಯುವಿಹಾರದ ತಾಣವಾಗಿಯೂ ಅದು ಕನ್ನಡ ಓದುಗರಿಗೆ ಪರಿಚಿತ. ಸುಮಾರು 5 ಕಿಲೋಮೀಟರ್ ಉದ್ದದ ದಂಡೆಯ ಹಾದಿಯಲ್ಲಿ ಸಾಗುವವರಿಗೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಕಾಣಸಿಗುತ್ತವೆ.

ನಗರವು ಬೆಳೆದಂತೆ ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದವು, ನಾಲೆಯ ಹಾದಿ ಅಲ್ಲಲ್ಲಿ ಮುಚ್ಚಿಹೋಯಿತು, ಮಳೆನೀರು ಬರಬೇಕಾದ ದಾರಿಯಲ್ಲಿ ಚರಂಡಿಯ ನೀರು ಸೇರುವಂತಾಯಿತು. ದಂಡೆಯನ್ನು ಅಂದಗೊಳಿಸುವುದರಿಂದ ವಿಹಾರಕ್ಕೆ ಅನುಕೂಲವಾದೀತು. ಆದರೆ ಕೆರೆಯ ಪರಂಪರೆಯನ್ನು ಉಳಿಸಬೇಕಾದರೆ ಏರಿ, ತೂಬುಗಳಷ್ಟೇ ಜತನದಿಂದ, ದೂರದಿಂದ ನೀರು ತರುವ ಕಾಲುವೆಯನ್ನೂ ಕಾಪಾಡಬೇಕು.